ಮಾಲ್‌ಸುನ್ ತಟ್ಟಿ ತಂದ ಕಲ್ಲು

ಡೊಲ್‌ವಾತ್ ಊರಿನ ಬೂ ಮಾಲ್‌ಸುನ್ ಯಾವುದನ್ನೂ ತಟ್ಟಿ ನೋಡದೆ ನಂಬಿದವಳಲ್ಲ. ಕುಂಬಳಕಾಯಿಯನ್ನು ತಟ್ಟುತ್ತಿದ್ದಳು, ಉಪ್ಪುಮೀನಿನ ಜಾಡಿಯನ್ನು ತಟ್ಟುತ್ತಿದ್ದಳು, ಯಾರದಾದರೂ ಮನೆಗೆ ಹೋದರೆ ಒಳಗೆ ಕಾಲಿಡುವ ಮೊದಲು ಗೋಡೆಗೂ ಒಂದು ಸಲ ಬೆರಳಗೆಣ್ಣು ಬಡಿಯುತ್ತಿದ್ದಳು. ಮದುವೆಯ ದಿನ ಗಂಡಿನ ಹಣೆಯನ್ನೂ ತಟ್ಟಿ ನೋಡಿಯೇ ಒಪ್ಪಿದಳಂತೆ ಎಂದು ಹೆಂಗಸರು ಹೇಳಿಕೊಂಡು ನಗುತ್ತಿದ್ದರು. ಅದು ಶುದ್ಧ ಸುಳ್ಳು. ಆದರೆ ಅವಳನ್ನು ಬಲ್ಲವರು ಯಾರೂ ಅದನ್ನು ಸುಳ್ಳೆಂದು ವಾದಿಸಲು ಹೋಗುತ್ತಿರಲಿಲ್ಲ.

ಅವಳ ಅಪ್ಪ ಕಲ್ಲುಕುಟಿಗ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿ ಬೇಸತ್ತು, ಇದೇ ಕೊನೆಯದಾಗಲಿ ಎಂಬ ಅರ್ಥ ಬರುವಂತೆ ಇವಳಿಗೆ ಮಾಲ್‌ಸುನ್ ಎಂದು ಹೆಸರಿಟ್ಟ. ಹೆಸರೇನೋ ಫಲಿಸಿತು, ಇವಳ ಹಿಂದೆ ಹೆಣ್ಣು ಹುಟ್ಟಲಿಲ್ಲ, ಗಂಡೂ ಹುಟ್ಟಲಿಲ್ಲ. ಹೀಗಾಗಿ ಉಳಿ ಸುತ್ತಿಗೆಗಳ ಚೀಲ ಹೊರುವ ಕೆಲಸ ಈ ಕೊನೆಯವಳ ಹೆಗಲಿಗೇ ಬಂತು. ಅಪ್ಪ ಬಂಡೆಗೆ ಒಂದು ಏಟು ಹಾಕಿ ಕಿವಿಗೊಡುತ್ತಿದ್ದ. ಕಲ್ಲು ಗಟ್ಟಿಯಾಗಿದ್ದರೆ ಕಂಚಿನ ಬಟ್ಟಲಿನ ಹಾಗೆ ಠಣ್ ಎನ್ನುತ್ತಿತ್ತು, ಒಳಗೆ ಬಿರುಕಿದ್ದರೆ ಒದ್ದೆ ಹಾಸಿಗೆಗೆ ಹೊಡೆದ ಹಾಗೆ ಧಪ್ ಎನ್ನುತ್ತಿತ್ತು. ತಟ್ಟುವ ಚಟ ಅವಳಿಗೆ ಅಂಟಿದ್ದು ಅಲ್ಲಿಂದಲೇ.

ಅಪ್ಪನ ಬಾಯಲ್ಲಿ ಸದಾ ಒಂದೇ ಮಾತು. "ಕಲ್ಲು ಅಂದ್ರೆ ಏನು ಅಂದ್ಕೊಂಡಿದೀಯ? ಆರಿದ ಗಂಜಿ ಕಣೇ. ಬೆಟ್ಟದ ಹೊಟ್ಟೇಲಿ ಕುದೀತಿತ್ತು, ಉಕ್ಕಿ ಬಂತು, ಹರೀತು, ಆರ್ತು. ಅಷ್ಟೇ ಕಥೆ." ಹಸಿದವನಿಗೆ ಕಂಡದ್ದೆಲ್ಲ ಗಂಜಿ ಎಂದುಕೊಂಡು ಮಾಲ್‌ಸುನ್ ಅದನ್ನು ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳಿಗೆ ಉಳಿದದ್ದು ಆ ಚೀಲ ಮತ್ತು ಮನೆಮನೆಗೆ ಹೋಗಿ ಸವೆದ ಬೀಸುವ ಕಲ್ಲುಗಳಿಗೆ ಉಳಿಯಿಂದ ಮತ್ತೆ ಹಲ್ಲು ಮೂಡಿಸುವ ಕೆಲಸ. ಅದರಲ್ಲಿ ಅವಳನ್ನು ಮೀರಿಸುವವರು ಬೆಟ್ಟದ ಈ ಮಗ್ಗುಲಲ್ಲಿ ಇರಲಿಲ್ಲ. ಸಣ್ಣ ಸಣ್ಣ ತೂತುಗಳು ತುಂಬಿದ ಕಲ್ಲೇ ಬೀಸಲು ಲೇಸು. ಸವೆದಷ್ಟೂ ಹೊಸ ತೂತು ಬಾಯಿಬಿಟ್ಟು ಕಾಳನ್ನು ಕಚ್ಚುತ್ತದೆ ಎಂದು ಅವಳಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಆ ತಿಳಿವಳಿಕೆಯೇ ಮುಂದೆ ಅವಳ ಕಾಲಿಗೆ ತೊಡರಿಕೊಂಡಿತು.

ಊರು ಸುಟ್ಟ ಚಳಿಗಾಲದ ಬಗ್ಗೆ ಡೊಲ್‌ವಾತ್‌ನವರು ಮಾತಾಡುವುದಿಲ್ಲ. ಯಾರು ಸುಟ್ಟರು, ಯಾಕೆ ಸುಟ್ಟರು ಎಂದು ಕೇಳಿದರೆ ಮುದುಕಿಯರು ಎದ್ದುಹೋಗಿ ಕೋಳಿಗೆ ಕಾಳು ಹಾಕುತ್ತಾರೆ. ಮಾಲ್‌ಸುನ್‌ಳ ಗಂಡ ಆ ಚಳಿಗಾಲದಲ್ಲೇ ಹೋದ. ಊರಿನ ಗಂಡಸರು ಬಹುಪಾಲು ಆಗಲೇ ಹೋದರು. ಉಳಿದವರು ಕಡಲಂಚಿನ ಊರಿಗೆ ಇಳಿದು, ಕಂಡವರ ಕೊಟ್ಟಿಗೆಗಳಲ್ಲಿ ಮಲಗಿ, ಕಡಲಪಾಚಿಯ ಸಾರಿಗೆ ಕೈಯೊಡ್ಡಿ ವರ್ಷಗಳನ್ನು ದೂಡಿದರು. ಮತ್ತೆ ಮೇಲೆ ಹೋಗಲು ಅಪ್ಪಣೆ ಸಿಕ್ಕಾಗ ಹತ್ತಿ ಬಂದವರಲ್ಲಿ ಹೆಂಗಸರೇ ಹೆಚ್ಚು.

ಬಂದು ನೋಡಿದರೆ ಸೂರುಗಳಿಲ್ಲ, ಗೋಡೆಗಳಿವೆ. ಕಲ್ಲಿನ ಗೋಡೆಗೆ ಬೆಂಕಿ ಏನು ಮಾಡೀತು! ಮನೆಯ ಹಿಂದಿನ ಬಿದಿರು ಮೆಳೆ ನೋಡಿ ಇದು ನಮ್ಮದು, ಅದು ನಿಮ್ಮದು ಎಂದು ಗುರುತು ಹಿಡಿದರು. ಊರ ನಡುವೆ, ಕುದುರೆ ಕಟ್ಟಿ ಕಾಳಿನ ಹೊಟ್ಟು ಬಿಡಿಸುತ್ತಿದ್ದ ಕುದುರೆಗಾಣದ ಗುಡಿಸಲು ಉರಿದು ಬಿದ್ದಿತ್ತು. ಮುಳ್ಳುಕಂಟಿ ಕಡಿದು ಬೂದಿ ಕೆದರಿದಾಗ ಗಾಣದ ಹಾಸುಗಲ್ಲು ಇಡಿಯಾಗಿ ಸಿಕ್ಕಿತು. ಆದರೆ ಅದರ ಮೇಲೆ ಸುತ್ತುವ ಉರುಳುಗಲ್ಲು, ಉರಿಯುವ ಸೂರು ತಲೆ ಮೇಲೆ ಬಿದ್ದು, ಆಮೇಲೆ ಹಿಮ ಸುರಿದು, ಎರಡು ಹೋಳಾಗಿತ್ತು. ಮಾಲ್‌ಸುನ್ ಒಂದು ಹೋಳನ್ನು ತಟ್ಟಿದಳು. ಧಪ್. ಇನ್ನೊಂದನ್ನು ತಟ್ಟಿದಳು. ಅದೂ ಧಪ್.

ಗಾಣದ ಯಜಮಾನಿಕೆ ಮೊದಲಿಂದಲೂ ಜ್ವಾ ಸಾಮ್‌ಚುನ್‌ದು. ನಮ್ಮ ದ್ವೀಪದಲ್ಲಿ ಹಿರಿಯರೆಲ್ಲ ಸಾಮ್‌ಚುನ್‌ಗಳೇ, ಗಂಡಾಗಲಿ ಹೆಣ್ಣಾಗಲಿ. ಈ ಸಾಮ್‌ಚುನ್ ಹಲ್ಲೆಲ್ಲ ಬಿದ್ದ ಮುದುಕಿ. ಬಾಯಿ ಮಾತ್ರ ಕತ್ತರಿ. ಅವಳು ಒಡೆದ ಕಲ್ಲಿನ ಮೇಲೆ ಕೂತು ಎಲ್ಲರನ್ನೂ ಕರೆದಳು.

"ಗಾಣ ಇಲ್ದೆ ಊರಿಲ್ಲ, ತಿಳ್ಕೊಳ್ಳಿ. ಬಾರ್ಲಿ ಹೊಟ್ಟು ಬಿಡಿಸೋಕೆ ಒನಕೆ ಹಿಡ್ಕೊಂಡ್ರೆ ಹೊಲಕ್ಕೆ ಹೋಗೋರು ಯಾರು? ಹೊತ್ಕೊಂಡು ಕೆಳಗಿನೂರಿನ ಗಾಣಕ್ಕೆ ಹೋದ್ರೆ ಅವ್ರ ಸರದಿ ಮುಗಿಯೋವರ್ಗೂ ಬಾಗ್ಲಲ್ಲಿ ನಾಯಿ ಥರ ಕಾಯ್ಬೇಕು. ಕಾದಿದ್ದು ಸಾಕು. ಮುಂದಿನ ಬಾರ್ಲಿ ಕೊಯ್ಲಿಗೆ ಇಲ್ಲಿ ಗಾಣ ತಿರುಗ್ಬೇಕು. ತಿರುಗ್ಲಿಲ್ವಾ, ಎಲ್ಲಾರೂ ಗಂಟು ಕಟ್ಕೊಂಡು ಇಳಿಯೋದೇ. ಮತ್ತೆ ಹತ್ತೋ ಮಾತಿಲ್ಲ. ಇನ್ನೊಂದ್ಸಲ ಹತ್ತೋಕೆ ನನ್ನ ಮೊಣಕಾಲಲ್ಲಿ ಏನೂ ಉಳ್ದಿಲ್ಲ."

"ಕಲ್ಲು ಯಾರು ಕಡೀತಾರೆ?" ಎಂದವನು ಮೂನ್ ಸಾಮ್‌ಚುನ್. ಊರಿಗೆ ಉಳಿದಿದ್ದ ಒಬ್ಬನೇ ಮುದುಕ. ಮಾಲ್‌ಸುನ್ ಹುಟ್ಟುವ ಮೊದಲು ಹಳೇ ಉರುಳುಗಲ್ಲನ್ನು ಎಳೆದು ತಂದಾಗ ಹಗ್ಗ ಹಿಡಿದವರಲ್ಲಿ ತಾನೂ ಒಬ್ಬ ಎಂಬುದು ಅವನ ಬದುಕಿನ ದೊಡ್ಡ ಹೆಮ್ಮೆ.

ಎಲ್ಲರ ಕಣ್ಣೂ ಮಾಲ್‌ಸುನ್‌ಳ ಹೆಗಲ ಚೀಲದ ಮೇಲೆ ಬಿತ್ತು.

"ನಾನು ಕಡೀತೀನಿ," ಎಂದಳು ಮಾಲ್‌ಸುನ್.

ಮುದುಕ ನಕ್ಕೇಬಿಟ್ಟ. "ನೀನಾ! ಬೀಸೋ ಕಲ್ಲಿನ ಹಲ್ಲು ಕಟ್ಟೋಳು ನೀನು. ಇದು ಎತ್ತಿನ ತೂಕದ ಕಲ್ಲು ಕಣಮ್ಮ, ಅಡುಗೆಮನೆ ಸಾಮಾನಲ್ಲ."

"ಹಲ್ಲು ಕಟ್ಟಿದೋಳಿಗೆ ದವಡೆ ಕಟ್ಟೋಕೆ ಬರಲ್ವಾ ಸಾಮ್‌ಚುನ್?" ಎಂದಳು ಅವಳು. ಹೆಂಗಸರು ಹೋ ಎಂದು ನಕ್ಕರು. ಆದರೆ ಮಾಲ್‌ಸುನ್‌ಗೆ ಅದು ತಮಾಷೆಯಾಗಿರಲಿಲ್ಲ. ಅವಳಿಗೆ ಈ ಊರು ಬೇಕಿತ್ತು. ಅಪ್ಪ ಕಟ್ಟಿದ ಹೊಲದ ಗೋಡೆಗಳು ಇಲ್ಲಿದ್ದವು, ಗಂಡನ ಗೋರಿ ಇಲ್ಲಿತ್ತು. ಕೆಳಗಿನ ಊರಿನಲ್ಲಿ ಅವಳದೆಂದು ತಟ್ಟಿ ನೋಡಲು ಒಂದು ಕಲ್ಲೂ ಇರಲಿಲ್ಲ.

ನೆರೆಮನೆಯ ಓಕ್‌ದಾನ್ ಮಾತ್ರ ನಗಲಿಲ್ಲ. ಅವಳು ಊರಿಗೆ ಮರಳಿದ ದಿನದಿಂದ ತನ್ನ ನೀಲಿ ಬಟ್ಟೆಯ ಗಂಟನ್ನು ಬಿಚ್ಚಿರಲಿಲ್ಲ. ಹಗಲು ಅದು ಬಾಗಿಲ ಪಕ್ಕ, ರಾತ್ರಿ ತಲೆಯ ಕೆಳಗೆ. ಬಟ್ಟಲು ಬೇಕಾದರೆ ಸಂದಿಯಲ್ಲಿ ಕೈ ತೂರಿಸಿ ತೆಗೆಯುತ್ತಿದ್ದಳು, ಉಂಡು ತೊಳೆದು ಅಲ್ಲೇ ತುರುಕುತ್ತಿದ್ದಳು. "ಬಿಚ್ಚೇ ಅದನ್ನ, ನೋಡೋಕೆ ಆಗಲ್ಲ," ಎಂದು ಮಾಲ್‌ಸುನ್ ಗದರಿದರೆ, "ಬಿಚ್ಚಿದ್ರೆ ಮತ್ತೆ ಕಟ್ಬೇಕಲ್ಲ," ಎನ್ನುತ್ತಿದ್ದಳು.

ಮಾಲ್‌ಸುನ್ ಊರ ಪಕ್ಕದ ಕುರುಚಲಿನಲ್ಲೇ ಒಂದು ದೊಡ್ಡ ಕಲ್ಲು ಆರಿಸಿದಳು. ತೂತು ತೂತಿನ, ಉಳಿಗೆ ಒಗ್ಗುವ ಕಲ್ಲು. ಎಳೆಯಲೂ ದೂರವಿಲ್ಲ. ಬೀಸುವ ಕಲ್ಲಿಗೆ ಇದೇ ಜಾತಿ ಮೇಲು, ಗಾಣಕ್ಕೂ ಇದೇ ಮೇಲು ಎಂದುಕೊಂಡಳು. ತಟ್ಟಿದಾಗ ಸದ್ದು ತುಸು ಮಂಕಾಗಿ ಬಂತು. ತೂತಿನ ಕಲ್ಲು ಠಣ್ ಎನ್ನುವುದಿಲ್ಲ, ಅದು ಅದರ ಗುಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಚಳಿಗಾಲವಿಡೀ ಬೆಟ್ಟದ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಕೆತ್ತಿದಳು. ಕಲ್ಲು ದಿನದಿಂದ ದಿನಕ್ಕೆ ದುಂಡಗಾಗುತ್ತ ಬಂತು. ಹೊಲಕ್ಕೆ ಹೋಗುವವರು ನಿಂತು ನೋಡಿ, "ಪರವಾಗಿಲ್ವೇ!" ಎಂದರು. ಮೂನ್ ಸಾಮ್‌ಚುನ್ ಕೂಡ ಬಂದು ತಂಬಾಕಿನ ಕೊಳವೆ ಸೇದುತ್ತ ಒಂದು ಸುತ್ತು ಹಾಕಿ, ಬಾಯಿ ಬಿಡದೆ ಹೋದ. ಅವನ ಮಟ್ಟಿಗೆ ಅದೇ ಹೊಗಳಿಕೆ.

ಕಲ್ಲನ್ನು ಎಬ್ಬಿಸಿ ಅಂಚಿನ ಮೇಲೆ ನಿಲ್ಲಿಸುವ ದಿನ ಬಂತು. ಊರೆಲ್ಲ ಸೇರಿ ಹಾರೆಗಳನ್ನು ತೂರಿಸಿ ಮೀಟಿದರು. ಕಲ್ಲು ಎದ್ದಿತು, ನಿಂತಿತು, ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅಡಿಯಿಂದ ಮರಳು ಉದುರಿದಂಥ ಸದ್ದು. ತನ್ನ ಭಾರಕ್ಕೆ ತಾನೇ ಕೆಳಗಿನ ಅಂಚು ಪುಡಿಯಾಗುತ್ತ, ಒಣಗಿದ ಕಡುಬು ಮುರಿಯುವಂತೆ ಕಲ್ಲು ಮೂರು ತುಂಡಾಗಿ ಅಲ್ಲೇ ಕುಸಿಯಿತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದ ಮೂನ್ ಸಾಮ್‌ಚುನ್. ಆ ಮುದುಕನಿಗೆ ಯಾವ ಮಾತು ಯಾವಾಗ ಆಡಬಾರದು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಓಕ್‌ದಾನ್ ಮನೆಗೆ ಹೋಗಿ ಗಂಟಿನ ಸಡಿಲಾಗಿದ್ದ ತುದಿಯನ್ನು ಎಳೆದು ಬಿಗಿದಳು. ಬಾಗಿಲಾಚೆಯಿಂದ ಅದನ್ನು ಕಂಡ ಮಾಲ್‌ಸುನ್‌ಗೆ ಮುದುಕನ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು. ಅವಳು ಒಲೆಯ ಮೇಲೆ ಬಾರ್ಲಿ ಗಂಜಿ ಇಟ್ಟು, ಅದನ್ನು ಮರೆತು, ಗೋಡೆಗೆ ಮುಖ ಮಾಡಿ ಮಲಗಿ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದಾಗ ಅಳಲು ಪುರುಸೊತ್ತು ಸಿಕ್ಕಿರಲಿಲ್ಲ. ಆ ಅಳುವೂ ಇದರ ಜೊತೆ ಸೇರಿಕೊಂಡಿತು.

ಬೆಳಿಗ್ಗೆ ಎದ್ದವಳು ಮಡಕೆಯ ಮುಚ್ಚಳ ತೆಗೆದು ಹಾಗೇ ಕೂತುಬಿಟ್ಟಳು. ಗಂಜಿ ಕುದ್ದು ಕುದ್ದು ಗಟ್ಟಿಯಾಗಿ, ಒಲೆ ಆರಿದ ಮೇಲೆ ಹೆಪ್ಪುಗಟ್ಟಿತ್ತು. ಮೇಲೆ ಕೆನೆ; ಕೆನೆಯ ತುಂಬ ಒಡೆದ ಗುಳ್ಳೆಗಳ ತೂತು. ಸೌಟು ಹಾಕಿ ಬಗೆದು ನೋಡಿದಳು. ಕೆಳಗೆ ಹೊಟ್ಟೆಯ ಭಾಗ ಒಂದು ಗುಳ್ಳೆಯೂ ಇಲ್ಲದೆ ಗಟ್ಟಿ. ಆರುತ್ತ ಆರುತ್ತ ಕುಗ್ಗಿ ಅಲ್ಲಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಬಿರಿದಿತ್ತು. ಅವಳು ಕೆನೆಯನ್ನು ಬೆರಳಿನಿಂದ ಒತ್ತಿದಳು, ಪುಡಿಯಾಯಿತು. ಹೊಟ್ಟೆಯನ್ನು ಒತ್ತಿದಳು, ಜಪ್ಪಯ್ಯ ಅನ್ನಲಿಲ್ಲ.

"ಅಪ್ಪಾ, ನಿನ್ನ ಬಾಯಿಗೆ ಸಕ್ಕರೆ ಹಾಕ!" ಎಂದು ಒಬ್ಬಳೇ ಜೋರಾಗಿ ನಕ್ಕಳು. ಮಡಕೆಯನ್ನು ಸೊಂಟಕ್ಕೇರಿಸಿಕೊಂಡು ನೇರ ಜ್ವಾ ಸಾಮ್‌ಚುನ್ ಮನೆಗೆ ಓಡಿದಳು. ಅಲ್ಲಿ ಮೂನ್ ಸಾಮ್‌ಚುನ್ ಕೂಡ ಬೆಂಕಿ ಕಾಯಿಸುತ್ತ ಕೂತಿದ್ದ.

"ಏನೇ ಇದು? ಕಲ್ಲು ಮುರಿದಿದ್ದಕ್ಕೆ ತಂಗಳು ಗಂಜಿ ಹಂಚ್ತಿದೀಯಾ?" ಎಂದಳು ಮುದುಕಿ.

"ತಿನ್ನೋಕಲ್ಲ ಸಾಮ್‌ಚುನ್, ನೋಡೋಕೆ. ಬೆಟ್ಟ ಉಕ್ಕಿದಾಗ ಹರಿದ ಬೆಂಕಿಗಂಜಿನೂ ಹಿಂಗೇ ಆರಿರೋದು. ಮೇಲಿಂದಕ್ಕೆ ಗಾಳಿ ತಾಗಿ ಬೇಗ ಗಟ್ಟಿಯಾಯ್ತು, ಗುಳ್ಳೆಗಳು ಹೊರಗೆ ಹೋಗೋಕೆ ಹೊತ್ತೇ ಸಿಗ್ದೆ ಒಳಗೇ ಸಿಕ್ಕಾಕೊಂಡ್ವು. ಅದೇ ನಮ್ಮ ತೂತುಗಲ್ಲು, ಕೆನೆಗಲ್ಲು. ಕೈಯಲ್ಲಿ ಬೀಸೋಕೆ ಅದು ಸೈ. ನಾನು ಕೆನೆಗೆ ಎತ್ತಿನ ಭಾರ ಹೊರಿಸೋಕೆ ಹೋದೆ! ಗಾಣಕ್ಕೆ ಬೇಕಾಗಿರೋದು ಹೊಟ್ಟೆಗಲ್ಲು. ಒಳಗೆ ನಿಧಾನಕ್ಕೆ, ವರ್ಷಗಟ್ಟಲೆ ಆರಿದ್ದು."

ಜ್ವಾ ಸಾಮ್‌ಚುನ್ ಮಡಕೆಯೊಳಗೆ ಬಗ್ಗಿ ನೋಡಿದಳು, ಬೆರಳಿನಿಂದ ಚುಚ್ಚಿದಳು, ಬಾಯಿಗೂ ಒಂದು ಚೂರು ಹಾಕಿಕೊಂಡಳು. "ಸರಿ, ಹೊಟ್ಟೆ ಎಲ್ಲಿ ಸಿಗತ್ತೆ? ಬೆಟ್ಟನ ಬಗೀತೀಯಾ?"

"ಮಳೆ ನೀರು ಆಗಲೇ ಬಗೆದಿರೋ ಕಡೆ. ಮೇಲಿನ ಒಣಹಳ್ಳದಲ್ಲಿ."

ಮೂನ್ ಸಾಮ್‌ಚುನ್ ಕೊಳವೆಯನ್ನು ಬಾಯಿಂದ ತೆಗೆದ. ಕೆಮ್ಮಿದ. ಆಮೇಲೆ ನೆಲ ನೋಡುತ್ತ ಹೇಳಿದ: "ಹಳೇ ಕಲ್ಲೂ ಆ ಹಳ್ಳದಿಂದಾನೇ ಬಂದಿದ್ದು."

"ಏನಂದ್ರಿ?"

"ಈಗ ನೆನಪಾಯ್ತು. ಶುರುನಲ್ಲಿ ದಂಡೆ ಮೇಲಕ್ಕೆ ಎಳೆದ್ವಿ, ಆಮೇಲೆ ಇಳಿಜಾರು."

"ಮತ್ತೆ ಚಳಿಗಾಲವೆಲ್ಲ ಬಾಯಲ್ಲಿ ಏನು ಇಟ್ಕೊಂಡಿದ್ರಿ ಸಾಮ್‌ಚುನ್?"

"ನಾನು ಹಗ್ಗದ ಬಾಲದಲ್ಲಿದ್ದೆ ಕಣಮ್ಮ. ಆವತ್ತು ಹೆಂಡ ಸ್ವಲ್ಪ ಜಾಸ್ತಿ ಆಗಿತ್ತು," ಎಂದ ಮುದುಕ. ಅವನ ದೊಡ್ಡ ಹೆಮ್ಮೆಯ ಕಥೆ ಆ ಬೆಳಿಗ್ಗೆ ಅರ್ಧಕ್ಕೆ ಇಳಿಯಿತು. ಜ್ವಾ ಸಾಮ್‌ಚುನ್ ಬೊಚ್ಚುಬಾಯಿ ತೆರೆದು ನಕ್ಕ ನಗು ಮೂರು ಮನೆ ಆಚೆಗೂ ಕೇಳಿಸಿತು.

ಒಣಹಳ್ಳದ ದಂಡೆಯಲ್ಲಿ ಮಡಕೆಯೊಳಗಿನದೇ ದೊಡ್ಡದಾಗಿ ನಿಂತಿತ್ತು. ಮೇಲ್ಗಡೆ ತೂತುಗಲ್ಲಿನ ಕೆನೆ. ಅದರ ಕೆಳಗೆ ಬೂದುಗಪ್ಪಿನ ಗಟ್ಟಿ ಹೊಟ್ಟೆ, ಒಳಗೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು. ಆರುವಾಗ ಕುಗ್ಗಿ ಬಿರಿದ ಬಿರುಕುಗಳು ಬಂಡೆಯನ್ನು ನೆಟ್ಟನೆಯ ಕಂಬಗಳಾಗಿ ಸೀಳಿದ್ದವು, ಕಂಬಕ್ಕೆ ಆರು ಮುಖ. ಯಾವುದೋ ಹಳೆಯ ನೆರೆಗೆ ಉರುಳಿದ ಒಂದು ಕಂಬ ಹಳ್ಳದಲ್ಲೇ ಅಡ್ಡ ಮಲಗಿತ್ತು. ಗಾಣದ ಕಲ್ಲಿನಷ್ಟೇ ದಪ್ಪ. ಬಿರುಕು ಬೀಳಬೇಕಾದ ಕಡೆಯೆಲ್ಲ ಆಗಲೇ ಬಿದ್ದಾಗಿದೆ, ಇನ್ನು ಒಳಗೆ ಬಿರುಕು ಉಳಿದಿರಲಾರದು ಎಂದುಕೊಂಡು ಮಾಲ್‌ಸುನ್ ಸುತ್ತಿಗೆ ಎತ್ತಿ ಒಂದು ಏಟು ಹಾಕಿದಳು.

ಠಣ್!

ಹಳ್ಳದ ಎರಡೂ ದಂಡೆ ಅದನ್ನು ಮರಳಿ ಹೇಳಿದವು. ಅಪ್ಪ ಹೋದ ಮೇಲೆ ಆ ಸದ್ದು ಅವಳ ಕಿವಿಗೆ ಬಿದ್ದಿರಲಿಲ್ಲ.

ಠಣ್ ಎನ್ನುವ ಕಲ್ಲು ಸುಮ್ಮನೆ ಸಿಗುತ್ತದೆಯೇ? ತೂತುಗಲ್ಲು ಒಂದು ಏಟಿಗೆ ಹಿಡಿಯಷ್ಟು ಉದುರಿದರೆ, ಇದು ಹತ್ತು ಏಟಿಗೆ ಚಿಟಿಕೆಯಷ್ಟು ಕೊಡುತ್ತಿತ್ತು. ಉಳಿಗಳು ಸಂಜೆಯೊಳಗೆ ಮೊಂಡಾಗುತ್ತಿದ್ದವು. ಹಳ್ಳದ ದಂಡೆಯಲ್ಲೇ ಕುಲುಮೆ ಹೂಡಿದರು. ಮೂನ್ ಸಾಮ್‌ಚುನ್ ತಾನಾಗಿಯೇ ತಿದಿಯೊತ್ತಲು ಕೂತ, ತಪ್ಪಿಗೆ ದಂಡ ಕಟ್ಟುವವನ ಹಾಗೆ. ಕಂಬವನ್ನು ಅಡ್ಡಕ್ಕೆ ಸೀಳಲು ಮಾಲ್‌ಸುನ್ ಸಾಲಾಗಿ ಕುಳಿ ತೋಡಿ, ಒಣ ಮರದ ಬೆಣೆ ಬಡಿದು, ನೀರು ಹೊಯ್ದು ಕಾದಳು. ನೀರು ಕುಡಿದ ಬೆಣೆ ಉಬ್ಬಿ, ಮರುದಿನ ಊಟದ ಹೊತ್ತಿಗೆ ಕಲ್ಲು ಟಪ್ ಎಂದು ಬೇರ್ಪಟ್ಟಿತು. ಎಲ್ಲರೂ ಬಟ್ಟಲು ಬಿಟ್ಟು ಓಡಿದರು. ಸೀಳು ಬೆಣ್ಣೆ ಕತ್ತರಿಸಿದಷ್ಟು ನೇರವಾಗಿತ್ತು.

ಆ ಮೇಲೆ ಅದು ಬರೀ ಮಾಲ್‌ಸುನ್‌ಳ ಕಲ್ಲಾಗಿ ಉಳಿಯಲಿಲ್ಲ. ಹೊಲದ ಕಳೆ ಮುಗಿಸಿದವರು ಬಂದು ಒಂದೊಂದು ಮೂಲೆ ಒಡೆದರು. ಎಲ್ಲಿ ಹೊಡೆಯಬೇಕು ಎಂದು ಅವಳು ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು, ಅವರು ಹೊಡೆಯುತ್ತಿದ್ದರು, ಬೈಯುತ್ತಿದ್ದರು, ಹಾಡುತ್ತಿದ್ದರು. "ನಿಮ್ಮತ್ತೆ ತಲೆ ಅಂದ್ಕೊಂಡು ಹೊಡೀ, ಚೆನ್ನಾಗಿ ಬೀಳತ್ತೆ," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿಕೊಡುತ್ತಿದ್ದಳು. ಆರು ಮೂಲೆ ಹೋಗಿ ಹನ್ನೆರಡಾಯಿತು, ಹನ್ನೆರಡೂ ಹೋಗಿ ದುಂಡಾಯಿತು. ಓಕ್‌ದಾನ್ ಬರುತ್ತಿದ್ದಳು, ತನ್ನ ಪಾಲಿನ ಏಟು ಹಾಕುತ್ತಿದ್ದಳು, ಗಂಟಿನ ಮಾತು ಎತ್ತುತ್ತಿರಲಿಲ್ಲ. ನಡುವಿನ ಅಚ್ಚಿನ ತೂತನ್ನು ಮಾತ್ರ ಮಾಲ್‌ಸುನ್ ಯಾರ ಕೈಗೂ ಕೊಡಲಿಲ್ಲ. ಕಲ್ಲು ಒಡೆದರೆ ಅಲ್ಲೇ ಒಡೆಯಬೇಕು. ಒಂದೊಂದು ಏಟಿಗೂ ಕಿವಿಗೊಟ್ಟು, ಏಟಿನ ನಡುವೆ ಉಸಿರು ಬಿಟ್ಟು, ಅವಳು ಅದನ್ನು ಮುಗಿಸುವ ಹೊತ್ತಿಗೆ ಬಾರ್ಲಿ ಹಳದಿಗೆ ತಿರುಗಿತ್ತು.

ಕಲ್ಲು ಎಳೆಯುವ ಬೆಳಿಗ್ಗೆ ಜ್ವಾ ಸಾಮ್‌ಚುನ್ ಹಳ್ಳಕ್ಕೆ ಹೆಂಡ ಸುರಿದು, "ನಿನ್ನ ಮಗೂನ ಕರ್ಕೊಂಡು ಹೋಗ್ತಿದೀವಿ, ಬೇಜಾರು ಮಾಡ್ಕೋಬೇಡ," ಎಂದು ಬೆಟ್ಟಕ್ಕೆ ಕೈಮುಗಿದಳು. ಅಚ್ಚಿಗೆ ಮರ ತೂರಿಸಿ, ಕಾಡುಬಳ್ಳಿ ಹೊಸೆದ ದಪ್ಪ ಹಗ್ಗಗಳನ್ನು ಮುಂದಕ್ಕೂ ಹಿಂದಕ್ಕೂ ಕಟ್ಟಿದರು. ಡೊಲ್‌ವಾತ್‌ನಲ್ಲಿ ಒಂದು ರೂಢಿಯಿದೆ: ಕಲ್ಲು ಇಳಿಜಾರು ಇಳಿಯುವಾಗ ಅದನ್ನು ಕಡಿದವರು ಅದರ ಮುಂದೆ ನಡೆಯಬೇಕು. ನನ್ನ ಕೆಲಸವನ್ನು ನಾನೇ ನಂಬುತ್ತೇನೆ ಎಂದು ಊರಿಗೆ ತೋರಿಸುವ ಬಗೆ ಅದು. ಅಪ್ಪನೂ ಹಾಗೇ ನಡೆದಿದ್ದ.

"ಹೆಂಗಸಿಗೆ ಆ ರೂಢಿ ಬೇಡಮ್ಮ," ಎಂದ ಮೂನ್ ಸಾಮ್‌ಚುನ್. ಈ ಸಲ ಅವನ ದನಿಯಲ್ಲಿ ಕುಹಕವಿರಲಿಲ್ಲ.

"ಕಲ್ಲಿಗೆ ಅದು ಗೊತ್ತಿಲ್ವಲ್ಲ ಸಾಮ್‌ಚುನ್," ಎಂದು ಮಾಲ್‌ಸುನ್ ಮುಂದೆ ಹೋಗಿ ನಿಂತಳು.

ಮೊದಮೊದಲು ಹಗ್ಗ ಹಿಡಿದವರದು ಎತ್ತು ಏರಿಗೆ, ಕೋಣ ನೀರಿಗೆ. ಜ್ವಾ ಸಾಮ್‌ಚುನ್ ಬಂಡೆಯ ಮೇಲೆ ನಿಂತು ಪದ ಎತ್ತಿಕೊಟ್ಟ ಮೇಲೆ ಕಾಲುಗಳು ಒಂದಾದವು. ದಂಡೆ ಹತ್ತಿಸುವಷ್ಟರಲ್ಲಿ ಎಲ್ಲರ ಬೆನ್ನೂ ಒದ್ದೆ. ಕಲ್ಲು ದಿಬ್ಬದ ಮೇಲೆ ಬಂದು ನಿಂತಿತು. ಕೆಳಗೆ ಊರು ಕಂಡಿತು, ಹೊಸ ಹುಲ್ಲಿನ ಸೂರುಗಳು, ಕರಿ ಗೋಡೆಗಳ ನಡುವೆ ಹಳದಿ ಹೊಲಗಳು, ಅದರಾಚೆ ಕಡಲು. ಇನ್ನೇನು, ಬಂದೇಬಿಟ್ಟಿತು ಎಂದು ಹೆಂಗಸರು ನಗತೊಡಗಿದರು.

ಇಳಿಜಾರಿನ ನಡುವೆ, ಎಲ್ಲರೂ ಕಲ್ಲನ್ನು ತಡೆದು ಹಿಡಿದಿದ್ದ ಹಿಂದಿನ ಹಗ್ಗ ಕಿತ್ತುಹೋಯಿತು.

"ಮಾಲ್‌ಸುನ್, ಪಕ್ಕಕ್ಕೆ!" ಎಂದು ಮೂನ್ ಸಾಮ್‌ಚುನ್ ಗಂಟಲು ಹರಿಯುವಂತೆ ಕೂಗಿದ. ಅವಳು ತಿರುಗಿಯೂ ನೋಡದೆ ಪಕ್ಕದ ಗೋಡೆಯ ಮೇಲಿಂದ ಆಚೆ ಬಿದ್ದಳು. ಕಲ್ಲು ಅವಳು ನಿಂತಿದ್ದ ಜಾಗದ ಮೇಲೆ ಹಾದು, ಗುಡುಗುತ್ತ, ಕುಪ್ಪಳಿಸುತ್ತ ಇಳಿಯಿತು. ಓಕ್‌ದಾನ್‌ಳ ಹೊಲದ ಗೋಡೆಯನ್ನು ಕೆಡವಿತು, ಅವಳ ಬಾರ್ಲಿಯ ನಡುವೆ ಒಂದು ದಾರಿ ಮಲಗಿಸಿತು, ಹೊಲದ ನಡುವೆ ತಲೆಯೆತ್ತಿದ್ದ ಹಾಸುಬಂಡೆಗೆ ಧಡಾರೆಂದು ಬಡಿಯಿತು. ಧೂಳೆದ್ದಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆ ಬಡಿತಕ್ಕೆ ಉಳಿಯುವ ಕಲ್ಲು ಲೋಕದಲ್ಲಿದೆಯೇ? ಮಾಲ್‌ಸುನ್ ಮೊಣಕೈ ತರಚಿ ರಕ್ತ ಸುರಿಯುತ್ತಿದ್ದರೂ ಎದ್ದಳು, ಸುತ್ತಿಗೆ ಹಿಡಿದು ಹೊಲಕ್ಕೆ ನಡೆದಳು. ಊರು ಅವಳ ಹಿಂದೆ ನಡೆಯಿತು. ಕಲ್ಲು ಹಾಸುಬಂಡೆಗೆ ಒರಗಿ ನಿಂತಿತ್ತು. ಹೊರಗೆ ಏನೂ ಕಾಣಿಸುತ್ತಿರಲಿಲ್ಲ. ಕಲ್ಲಿನ ಗಾಯ ಒಳಗಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವಳು ಸುತ್ತಿಗೆ ಎತ್ತಿದಳು. ಕೈ ಮೇಲೇ ನಿಂತಿತು. ಹುಟ್ಟಿದಾಗಿನಿಂದ ಕಂಡದ್ದನ್ನೆಲ್ಲ ತಟ್ಟಿಕೊಂಡು ಬಂದವಳಿಗೆ ಇದೊಂದನ್ನು ತಟ್ಟಲಾಗಲಿಲ್ಲ. ಧಪ್ ಎಂದರೆ? ತಟ್ಟದಿದ್ದರೆ ಇನ್ನೊಂದು ಗಳಿಗೆಯಾದರೂ ಊರು ಊರಾಗಿ ಇರುತ್ತದಲ್ಲ. ಅವಳ ಕೈ ಕೆಳಗಿಳಿಯಿತು.

"ಕೊಡಿಲ್ಲಿ," ಎಂದಿತು ಒಂದು ದನಿ.

ಓಕ್‌ದಾನ್. ಅವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು. "ಗೋಡೆ ಬಿದ್ದಿದ್ದು ನಂದು. ಬಾರ್ಲಿ ಹೋಗಿದ್ದು ನಂದು. ಏಟು ಹಾಕೋ ಹಕ್ಕೂ ನಂದೇ." ಅವಳು ಸುತ್ತಿಗೆಯನ್ನು ಕಿತ್ತುಕೊಂಡು, ಎರಡೂ ಕೈಯಲ್ಲಿ ಎತ್ತಿ, ಇಷ್ಟು ವರ್ಷದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದಳು.

ಠಣ್ಣ್!

ಸದ್ದು ದಿಬ್ಬಕ್ಕೆ ಹೋಗಿ ಬಂತು. ಜ್ವಾ ಸಾಮ್‌ಚುನ್‌ಗೆ ಕಿವಿ ಮಂದ; ಅವಳಿಗೂ ಕೇಳಿಸಿತು. "ಅಯ್ಯೋ ನನ್ನವ್ವ, ಹಾಡ್ತಿದೆ ಕಣ್ರೇ ಅದು!" ಎಂದು ಅವಳು ನೆಲಕ್ಕೆ ಕೂತಳು. ಆಮೇಲೆ ಎದ್ದ ಕೂಗಿಗೆ ಕೆಳಗಿನೂರಿನವರು ಮತ್ತೇನು ಅನಾಹುತವಾಯಿತೋ ಎಂದು ಹೊರಗೆ ಬಂದು ಬೆಟ್ಟ ನೋಡಿದರಂತೆ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿದರು, ಕಲ್ಲನ್ನು ತಬ್ಬಿದರು, ಕೈಗೆ ಸಿಕ್ಕಿದ್ದಕ್ಕೆ ಮೂನ್ ಸಾಮ್‌ಚುನ್‌ನನ್ನೂ ತಬ್ಬಿದರು. ಓಕ್‌ದಾನ್ ಇನ್ನೊಂದು ಏಟು ಹಾಕಿದಳು, ಮತ್ತೊಂದು ಹಾಕಿದಳು. ಪ್ರತಿ ಏಟಿಗೂ ಕಲ್ಲು ಠಣ್ ಎಂದಿತು, ಪ್ರತಿ ಠಣ್‌ಗೂ ಅವಳು ಅತ್ತಳು. ಮಾಲ್‌ಸುನ್ ಬಾರ್ಲಿಯ ಮೇಲೆ ಬಿದ್ದುಕೊಂಡು ಆಕಾಶ ನೋಡುತ್ತ ನಗುತ್ತಿದ್ದಳು.

"ಸಾಕು ಬಿಡೇ, ಅದಕ್ಕೆ ನೋವಾಗತ್ತೆ," ಎಂದು ಕೊನೆಗೆ ಅವಳೇ ಸುತ್ತಿಗೆ ಕಿತ್ತುಕೊಂಡಳು.

ಹೊತ್ತು ಮುಳುಗುವ ಮೊದಲು ಕಲ್ಲು ಹಾಸುಗಲ್ಲಿನ ಮೇಲೆ ಏರಿತು. ಕೊಯ್ಲಾಯಿತು; ಬಾರ್ಲಿ ಒಣಗಲು ಬಿಸಿಲು ಕೈಕೊಡಲಿಲ್ಲ. ಮೊದಲ ಗಾಣಕ್ಕೆ ಯಾರ ಕಾಳು ಎಂಬ ಚರ್ಚೆಯೇ ಬರಲಿಲ್ಲ. ಕಲ್ಲು ಯಾರ ಹೊಲದಲ್ಲಿ ಮಲಗಿ ಎದ್ದಿತ್ತೋ ಅವಳದೇ. ಕುದುರೆ ಇರಲಿಲ್ಲ. ಹೆಂಗಸರೇ ನೊಗ ಹಿಡಿದರು. ಮೂನ್ ಸಾಮ್‌ಚುನ್, "ಕುದುರೆಗಿಂತ ಒದೆಯೋದು ಇವರೇ ಜಾಸ್ತಿ," ಎಂದು, ಅವರಿಂದ ಬೈಸಿಕೊಂಡು ತಾನೂ ಹೆಗಲು ಕೊಟ್ಟ. ಕಲ್ಲು ಗುರ್ ಗುರ್ ಎನ್ನುತ್ತ ಸುತ್ತಿತು. ಹೊಟ್ಟು ಬಿಟ್ಟ ಕಾಳು ಬೆಳ್ಳಗೆ ಅಂಚಿಗೆ ಬಂದು ಉದುರತೊಡಗಿತು.

"ಏನಾದ್ರೂ ಹಾಸ್ರೇ ಕೆಳಗೆ! ಕಾಳೆಲ್ಲ ಮಣ್ಣಿಗೆ ಹೋಗ್ತಿದೆ!" ಎಂದು ಜ್ವಾ ಸಾಮ್‌ಚುನ್ ಬೊಬ್ಬೆ ಹೊಡೆದಳು.

ಓಕ್‌ದಾನ್ ನೊಗ ಬಿಟ್ಟು ಮನೆಗೆ ಓಡಿದಳು. ಗಂಟನ್ನು ಎತ್ತಿ ತಂದು, ಎಲ್ಲರ ಎದುರು ಬಿಚ್ಚಿ, ಬಟ್ಟಲು ಬಟ್ಟೆಗಳನ್ನೆಲ್ಲ ಗೋಡೆಯ ಮೇಲೆ ಸುರಿದು, ಆ ನೀಲಿ ಬಟ್ಟೆಯನ್ನು ಕೊಡವಿ ಗಾಣದ ಅಂಚಿಗೆ ಹಾಸಿದಳು. ಕಟ್ಟಿದ ಮಡಿಕೆಗಳು ಎಷ್ಟು ವರ್ಷದವೋ, ಕೈಯಿಂದ ಎಷ್ಟು ತೀಡಿದರೂ ನೇರವಾಗಲಿಲ್ಲ. ಮಾಲ್‌ಸುನ್ ಬಗ್ಗಿ ಬಟ್ಟೆಯ ಇನ್ನೊಂದು ತುದಿ ಹಿಡಿದು ಎಳೆದು ಕೊಟ್ಟಳು.

ಸಂಜೆ ಗಾಣದ ಪಕ್ಕದಲ್ಲೇ ಒಲೆ ಹೂಡಿ ದೊಡ್ಡ ಮಡಕೆಯಲ್ಲಿ ಹೊಸ ಬಾರ್ಲಿಯ ಗಂಜಿ ಇಟ್ಟರು. ಎಲ್ಲರೂ ಬಟ್ಟಲು ಹಿಡಿದು ಕೂತರು. ಮೊದಲ ಸೌಟು ಜ್ವಾ ಸಾಮ್‌ಚುನ್‌ಗೆ. ಅವಳು ಹಲ್ಲಿಲ್ಲದ ಬಾಯಲ್ಲಿ ಗಂಜಿಯನ್ನು ಆ ಕಡೆ ಈ ಕಡೆ ಹೊರಳಿಸಿದಳು. ಊರೆಲ್ಲ ಅವಳ ಬಾಯಿಯನ್ನೇ ನೋಡುತ್ತಿತ್ತು.

"ಕಲ್ಲುಪುಡಿ ಸಿಗಲಿಲ್ಲ," ಎಂದಳು ಮುದುಕಿ. ಆಮೇಲೆ ಬಾಯಿ ಒರೆಸಿಕೊಂಡು ಗದರಿದಳು: "ಏನು ನನ್ನ ಮುಖ ನೋಡ್ತಾ ಕೂತ್ರಿ? ಬಿಸಿ ಇರೋವಾಗ್ಲೇ ತಿನ್ರೇ! ಆರಿದ್ರೆ ಕಲ್ಲಾಗತ್ತೆ, ಇವಳು ಮತ್ತೆ ಉಳಿ ತಗೊಂಡು ಬರ್ತಾಳೆ."

ಮಾಲ್‌ಸುನ್ ತನ್ನ ಬಟ್ಟಲನ್ನು ತಟ್ಟಿ ನೋಡಿ, ನಗುತ್ತ ಓಕ್‌ದಾನ್‌ಳ ಪಕ್ಕದಲ್ಲಿ ಉಣ್ಣಲು ಕೂತಳು.